ಹಳೆಯ ದೋಣಿ ನೀರಿಗಿಳಿದ ದಿನ

ಎರೆಭೂಮಿಯಲ್ಲಿ ಹುಟ್ಟಿ ಬೆಳೆದವರಿಗೆ ಸಮುದ್ರವೆಂಬುದು ಬಹುಮಟ್ಟಿಗೆ ಕೇಳಿದ ಮಾತೇ ಹೊರತು ಕಂಡ ವಸ್ತುವಲ್ಲ. ಧಾರವಾಡ, ಗದಗ, ವಿಜಯಪುರಗಳ ಕಡೆಯ ಹಳ್ಳಿಗಳಲ್ಲಿ ಬಾಲ್ಯ ಕಳೆದ ನಮ್ಮ ತಲೆಮಾರಿನವರು ಬಲ್ಲ ನೀರೆಂದರೆ ಕೆರೆ, ಬಾವಿ, ಹಳ್ಳ. ಹೆಚ್ಚೆಂದರೆ ಮಲಪ್ರಭೆ, ಕೃಷ್ಣೆ, ತುಂಗಭದ್ರೆಯರ ಹರಿವು. ದೋಣಿಯೆಂದರೆ ಬಿದಿರಿನ ಹೆಣಿಗೆಗೆ ತೊಗಲು ಹೊದಿಸಿದ ದುಂಡನೆಯ ಹರಿಗೋಲು. ಅದರಲ್ಲಿ ಕುಳಿತು ಆಚೆ ದಡ ಸೇರುವಷ್ಟರಲ್ಲಿಯೇ ಹಿರಿಯರು ಕಣ್ಣು ಮುಚ್ಚಿ ಕೈ ಮುಗಿಯುತ್ತಿದ್ದುದನ್ನು ನಾವು ಕಂಡಿದ್ದೇವೆ. ಅಂಥ ಸೀಮೆಯ ನಮಗೆ ಒಂದು ಹಾಯಿದೋಣಿಯ ಜೀರ್ಣೋದ್ಧಾರದಲ್ಲಿ ಕೈಗೂಡಿಸುವ, ಅದು ನೀರಿಗಿಳಿಯುವುದನ್ನು ಕಾಣುವ ಹಾಗೂ ಅದರಲ್ಲಿ ನಮ್ಮ ಒಬ್ಬಳೇ ಮಗಳನ್ನು ದೂರದ ಯಾನಕ್ಕೆ ಸಿದ್ಧಗೊಳಿಸುವ ಪ್ರಸಂಗ ಒದಗೀತೆಂದು ಯಾರಾದರೂ ಹೇಳಿದ್ದರೆ ನಕ್ಕು ಸುಮ್ಮನಾಗುತ್ತಿದ್ದೆವು. ಮಕ್ಕಳು ಬೆಳೆದು ದೂರ ಹೊರಡುವ ಸಂದರ್ಭ ಇಂದು ಮನೆಮನೆಯಲ್ಲಿಯೂ ಇರುವುದರಿಂದ, ಈ ಅನುಭವವನ್ನು ಓದುಗ ಬಂಧುಗಳೊಡನೆ ಹಂಚಿಕೊಳ್ಳಬಹುದೆಂದು ತೋರಿತು.

ನಾವಿಬ್ಬರೂ ವೈದ್ಯವೃತ್ತಿಯವರು. ೧೯೯೪ರಲ್ಲಿ ಧಾರವಾಡ ಬಿಟ್ಟು ಇಂಗ್ಲೆಂಡಿಗೆ ಬಂದೆವು. ಎರಡು ಮೂರು ಊರು ಸುತ್ತಿ ಕೊನೆಗೆ ನೆಲೆ ನಿಂತದ್ದು ಆ ನಾಡಿನ ನೈಋತ್ಯದ ತುದಿಯಲ್ಲಿ ಚಾಚಿಕೊಂಡಿರುವ ಕಾರ್ನ್‌ವಾಲ್ ಸೀಮೆಯ ಫಾಲ್ಮೌತ್ ಎಂಬ ಬಂದರಿನಲ್ಲಿ. ಫಾಲ್ ಎಂಬ ನದಿಯ ಬಾಯಿ ಎಂಬುದೇ ಆ ಹೆಸರಿನ ಅರ್ಥ. ಬಹಳ ಆಳವಾದ, ಗಾಳಿಯಿಂದ ಮರೆಯಾದ ಸಹಜ ಬಂದರು ಅದು. ಹದಿನೇಳನೆಯ ಶತಮಾನದ ಕೊನೆಯಿಂದ ಹತ್ತೊಂಬತ್ತನೆಯ ಶತಮಾನದ ನಡುಭಾಗದವರೆಗೆ ಬ್ರಿಟನ್ನಿನ ಅಂಚೆಯನ್ನು ಹೊತ್ತ ಹಡಗುಗಳು ಇಲ್ಲಿಂದಲೇ ಹೊರದೇಶಗಳಿಗೆ ಹೊರಡುತ್ತಿದ್ದವು. ೧೮೦೫ರಲ್ಲಿ ಟ್ರಫಾಲ್ಗರ್ ಕದನದ ಸುದ್ದಿಯನ್ನು ತಂದ ಪುಟ್ಟ ಹಡಗು ಬಂದು ತಲುಪಿದುದೂ ಇಲ್ಲಿಗೇ. ಇಲ್ಲಿನ ಸಿಂಪು ಹಿಡಿಯುವವರು ಇಂದಿಗೂ ಆ ಕೆಲಸಕ್ಕೆ ಯಂತ್ರವನ್ನು ಬಳಸುವಂತಿಲ್ಲ. ಹಾಯಿಯ ಬಲ ಇಲ್ಲವೆ ತೋಳಿನ ಬಲ, ಎರಡರಲ್ಲಿಯೇ ಅವರ ಬದುಕು ಸಾಗಬೇಕು. ಹೀಗಾಗಿ ಹಾಯಿದೋಣಿಯೆಂಬುದು ಅಲ್ಲಿ ಶ್ರೀಮಂತರ ಆಟಿಕೆಯಷ್ಟೇ ಅಲ್ಲ. ನಮ್ಮಲ್ಲಿ ಎತ್ತು ಬಂಡಿಗಳಿದ್ದಂತೆ ಅಲ್ಲಿ ದೋಣಿ.

ನಮ್ಮ ನೆರೆಮನೆಯಲ್ಲಿ ಒಬ್ಬ ದಂಪತಿಗಳಿದ್ದಾರೆ. ಯಜಮಾನರು ಶಾಲೆಯಲ್ಲಿ ಮರಗೆಲಸ ಕಲಿಸಿ ನಿವೃತ್ತರಾದವರು. ಆಕೆ ನಮ್ಮೊಡನೆ ಹಲವು ವರ್ಷ ದುಡಿದ ದಾದಿ. ಧಾರವಾಡದ ರೂಢಿಯಂತೆ ನಾವು ಅವರನ್ನು ಮಾಸ್ತರರೆಂದೂ ಆಕೆಯನ್ನು ಸಿಸ್ಟರ್ ಎಂದೂ ಕರೆಯುತ್ತೇವೆ. ಆ 'ಮಾಸ್ತರ' ಎಂಬ ಮಾತಿಗೆ ಅವರೂ ಓಗೊಡುತ್ತಾರೆ. ಐದು ವರ್ಷಗಳ ಹಿಂದೆ ಸಿಸ್ಟರ್ ಅವರಿಗೆ ಕಠಿಣವಾದ ಕಾಯಿಲೆಯೊಂದು ಬಂದು, ದೀರ್ಘ ಚಿಕಿತ್ಸೆಯ ತರುವಾಯ ಗುಣವಾಯಿತು. ಚಿಕಿತ್ಸೆ ಮುಗಿದ ತಿಂಗಳಿನಲ್ಲಿಯೇ ಮಾಸ್ತರರು ಒಂದು ಕವಲುಹೊಳೆಯ ಕೆಸರಿನಲ್ಲಿ ವರ್ಷಗಟ್ಟಲೆ ಬಿದ್ದಿದ್ದ ಮೂವತ್ತೆರಡು ಅಡಿ ಉದ್ದದ ಮರದ ಹಾಯಿದೋಣಿಯನ್ನು ಅಲ್ಪ ಬೆಲೆಗೆ ಕೊಂಡು ತಂದರು. ಎರಡನೆಯ ಮಹಾಯುದ್ಧಕ್ಕಿಂತ ಹಿಂದೆ ಕಟ್ಟಿದ ದೋಣಿ. ಹೆಸರು ಒಂದು ಕಡಲಹಕ್ಕಿಯದು. 'ಇನ್ನು ಮುಂದೆ ಮಾಡೋಣ ಎಂದು ಇಟ್ಟುಕೊಂಡ ಕೆಲಸಗಳಿಗೆಲ್ಲ ಈಗಲೇ ಕೈ ಹಾಕುವುದು' ಎಂಬುದು ಅವರಿಬ್ಬರ ತೀರ್ಮಾನವಾಗಿತ್ತು. ದೋಣಿ ಸಿದ್ಧವಾದರೆ ಒಂದು ವರ್ಷ ಅಟ್ಲಾಂಟಿಕ್ ಸಾಗರದಲ್ಲಿ ಸುತ್ತಿ ಬರಬೇಕೆಂಬ ಆಸೆ.

ನಾವು ಮೊದಲು ಹೋದದ್ದು ನೋಡುವುದಕ್ಕೆ. ಎರಡನೆಯ ವಾರ ಹಲಗೆ ಹಿಡಿಯುವುದಕ್ಕೆ. ಮೂರನೆಯ ವಾರದಿಂದ ಅದು ನಮ್ಮ ರಜಾದಿನದ ಕೆಲಸವೇ ಆಗಿಹೋಯಿತು. ನಾಲ್ಕು ಚಳಿಗಾಲಗಳು ಹೀಗೆ ಕಳೆದವು.

ಮರದ ದೋಣಿಯ ರಚನೆ ಮನುಷ್ಯದೇಹದ ರಚನೆಯನ್ನೇ ಹೋಲುತ್ತದೆ. ಕೆಳಗೆ ಬೆನ್ನೆಲುಬಿನಂತೆ ಒಂದು ಅಡಿಮರ. ಅದರಿಂದ ಎರಡೂ ಕಡೆಗೆ ಬಾಗಿ ಏಳುವ ಪಕ್ಕೆಲುಬುಗಳು. ಪಕ್ಕೆಲುಬುಗಳ ಮೇಲೆ ಚರ್ಮದಂತೆ ಹೊದಿಸಿದ ಉದ್ದನೆಯ ಹಲಗೆಗಳು. ನಮ್ಮ ದೋಣಿಯ ಅಡಿಮರ ಗಟ್ಟಿಯಾಗಿತ್ತು; ಪಕ್ಕೆಲುಬುಗಳಲ್ಲಿ ಅರ್ಧಕ್ಕೂ ಹೆಚ್ಚು ಬಿರುಕು ಬಿಟ್ಟಿದ್ದವು; ಹಲಗೆಗಳಲ್ಲಿ ಒಂಬತ್ತು ಪೂರ್ತಿ ಕೊಳೆತಿದ್ದವು. ಹೊಸ ಪಕ್ಕೆಲುಬಿಗೆ ಓಕ್ ಮರದ ಪಟ್ಟಿಯನ್ನು ಆವಿಯ ಪೆಟ್ಟಿಗೆಯಲ್ಲಿಟ್ಟು ಬೇಯಿಸಬೇಕು. ಒಂದು ಅಂಗುಲ ದಪ್ಪಕ್ಕೆ ಒಂದು ಗಂಟೆ ಎಂಬುದು ಲೆಕ್ಕ. ಬೆಂದ ಪಟ್ಟಿಯನ್ನು ಹೊರತೆಗೆದ ಕೂಡಲೇ, ಅದರ ಬಿಸಿ ಆರುವ ಮುನ್ನ, ಇಬ್ಬರು ಮೂವರು ಸೇರಿ ದೋಣಿಯೊಳಗೆ ಒತ್ತಿ ಬಾಗಿಸಬೇಕು. ತಡವಾದರೆ ಅದು ಬಾಗದು, ಮುರಿದೇ ತೀರುತ್ತದೆ. ಹೊಲಿಗೆಯ ನಯವೂ ಕುಸ್ತಿಯ ಬಲವೂ ಒಟ್ಟಿಗೆ ಬೇಕಾದ ಕೆಲಸವದು.

ಹಲಗೆಯನ್ನು ಪಕ್ಕೆಲುಬಿಗೆ ಕೂಡಿಸುವುದು ತಾಮ್ರದ ಮೊಳೆಗಳಿಂದ. ಕಬ್ಬಿಣವಾದರೆ ಉಪ್ಪುನೀರಿಗೆ ತುಕ್ಕು ಹಿಡಿದು ಮರವನ್ನೂ ಕೆಡಿಸುತ್ತದೆ. ಹೊರಗಿನಿಂದ ಮೊಳೆ ಹೊಡೆದು, ಒಳಗೆ ಚಾಚಿದ ತುದಿಗೆ ತಾಮ್ರದ ಸಣ್ಣ ಬಿಲ್ಲೆ ತೊಡಿಸಿ, ಉಳಿದ ತುದಿಯನ್ನು ಕತ್ತರಿಸಿ, ಸುತ್ತಿಗೆಯಿಂದ ಬಡಿದು ಮಡಿಸಬೇಕು. ಒಳಗಿನವರು ಬಡಿಯುವಾಗ ಹೊರಗಿನವರು ಭಾರವಾದ ಕಬ್ಬಿಣದ ತುಂಡೊಂದನ್ನು ಮೊಳೆಯ ತಲೆಗೆ ಒತ್ತಿ ಹಿಡಿದಿರಬೇಕು. ಈ ಕೆಲಸ ನಮ್ಮಿಬ್ಬರ ಪಾಲಿಗೆ ಬಂತು. ಒಳಗಿನವರಿಗೆ ಹೊರಗಿನವರು ಕಾಣುವುದಿಲ್ಲ. ನಡುವೆ ಹಲಗೆ. ಒಂದು ಬಾರಿ ತಟ್ಟಿದರೆ 'ಸಿದ್ಧ', ಎರಡು ಬಾರಿ ತಟ್ಟಿದರೆ 'ಮುಂದಿನದಕ್ಕೆ ಸರಿಯಿರಿ' ಎಂದು ನಮ್ಮೊಳಗೊಂದು ಭಾಷೆಯೇ ಬೆಳೆಯಿತು. ಮೂವತ್ತು ವರ್ಷಗಳ ದಾಂಪತ್ಯದಲ್ಲಿ ಮಾತಿಲ್ಲದೆ ಅಷ್ಟು ಹೊತ್ತು ಕೂಡಿ ದುಡಿದದ್ದು ಅದೇ ಮೊದಲೆಂದರೂ ಸಲ್ಲುತ್ತದೆ.

ಆಶ್ಚರ್ಯವೆನಿಸಿದ್ದು ಕೊನೆಯ ಹಂತ. ಹಲಗೆ ಹಲಗೆಗಳ ನಡುವಿನ ಸಂದಿಗೆ ತುಂಬುವುದು ಹತ್ತಿಯನ್ನು! ಸಡಿಲವಾಗಿ ಹೊಸೆದ ಹತ್ತಿಯ ಎಳೆಯನ್ನು ಚಪ್ಪಟೆ ಉಳಿಯಿಂದ ಸಂದಿಯೊಳಕ್ಕೆ ತುರುಕಿ, ಮರದ ಕೊಡತಿಯಿಂದ ಮೆಲ್ಲಗೆ ಬಡಿದು ಕೂಡಿಸಬೇಕು. ಅದರ ಮೇಲೆ ಬಣ್ಣ ಬಳಿದು, ಅಗಸೆ ಎಣ್ಣೆಯಲ್ಲಿ ಕಲಸಿದ ಪುಟ್ಟಿಯಿಂದ ಸಂದಿ ಮುಚ್ಚಬೇಕು. ಹತ್ತಿ, ಅಗಸೆ ಎರಡೂ ನಮ್ಮ ಎರೆಹೊಲದ ಬೆಳೆಗಳು. ಸಮುದ್ರ ಕಾಣದ ನಮ್ಮ ಹೊಲಗಳ ಪದಾರ್ಥಗಳೇ ಸಮುದ್ರವನ್ನು ದೋಣಿಯ ಹೊರಗೆ ತಡೆದು ನಿಲ್ಲಿಸುತ್ತವೆಂದು ತಿಳಿದಾಗ ನಮಗಾದ ಸಂತೋಷವನ್ನು ಮಾಸ್ತರರಿಗೆ ವಿವರಿಸುವುದೇ ಕಷ್ಟವಾಯಿತು. ಹತ್ತಿಯನ್ನು ಎಷ್ಟು ಬಿಗಿಯಾಗಿ ತುಂಬಬೇಕೆಂಬುದಕ್ಕೆ ಅಳತೆಯಿಲ್ಲ. ಕೊಡತಿಯ ಸದ್ದಿನಿಂದಲೇ ತಿಳಿಯಬೇಕು. ಸಡಿಲವಾದರೆ ನೀರು ಸೋರುತ್ತದೆ. ತೀರ ಬಿಗಿಯಾದರೆ, ಮುಂದೆ ಹಲಗೆ ನೀರು ಕುಡಿದು ಉಬ್ಬಿದಾಗ ಜಾಗ ಸಾಲದೆ ಪಕ್ಕೆಲುಬಿನ ಮೇಲೆಯೇ ಒತ್ತಡ ಬೀಳುತ್ತದೆ. ಉಬ್ಬುವುದಕ್ಕೆ ಎಡೆ ಬಿಟ್ಟೇ ಬಿಗಿಯಬೇಕು.

ನಮ್ಮ ಮಗಳು ಶಾಲೆಯಲ್ಲಿ ವಿಜ್ಞಾನ ಕಲಿಸುತ್ತಾಳೆ. ವಯಸ್ಸು ಇಪ್ಪತ್ತೇಳು. ಬಡಿಗತನದಲ್ಲಿ ನಮಗಿಂತ ಅವಳ ಕೈ ಮುಂದು. ಎರಡನೆಯ ಚಳಿಗಾಲ ಮುಗಿಯುವ ಹೊತ್ತಿಗೆ ಮಾಸ್ತರರು ಅವಳನ್ನು ಶಿಷ್ಯೆಯೆಂದೇ ಪರಿಚಯಿಸತೊಡಗಿದ್ದರು. ಮೂರನೆಯ ಚಳಿಗಾಲದಲ್ಲಿ ಒಂದು ಸಂಜೆ ಊಟಕ್ಕೆ ಕುಳಿತಾಗ ಅವಳು, 'ಅಪ್ಪಾ, ಅವ್ವಾ, ನಾನೂ ಅವ್ರ ಜೋಡಿ ಹೋಗಾಕಿ. ಶಾಲಿಗೆ ಒಂದು ವರ್ಷ ರಜಾ ಕೇಳೇನಿ' ಎಂದಳು. ಕೇಳಿದ್ದಲ್ಲ, ತಿಳಿಸಿದ್ದು. ನಾವು ಅಂದು ರಾತ್ರಿ ಮಲಗಿದೆವೇ ಹೊರತು ನಿದ್ರಿಸಲಿಲ್ಲ.

ಯಾನದ ಮಾರ್ಗ ಹೀಗಿದೆ. ಫಾಲ್ಮೌತ್‌ನಿಂದ ನೈಋತ್ಯಕ್ಕೆ ಸುಮಾರು ೧,೨೦೦ ನಾವಿಕ ಮೈಲಿಗಳ ದೂರದಲ್ಲಿ, ಸಾಗರದ ನಡುವೆ, ಪೋರ್ಚುಗಲ್‌ಗೆ ಸೇರಿದ ಅಜೋರ್ಸ್ ದ್ವೀಪಗಳಿವೆ. ಅಲ್ಲಿಂದ ಮಡೈರಾ, ಅನಂತರ ಕನೇರಿ ದ್ವೀಪಗಳು. ಕೆರಿಬಿಯನ್ ಕಡೆಯ ಚಂಡಮಾರುತಗಳ ಕಾಲ ನವೆಂಬರ್ ಕೊನೆಯವರೆಗೆ ಇರುವುದರಿಂದ, ಅದು ಕಳೆದ ಮೇಲೆ, ಈಶಾನ್ಯದಿಂದ ಬೀಸುವ ವಾಣಿಜ್ಯ ಮಾರುತಗಳನ್ನು ಬೆನ್ನಿಗಿಟ್ಟುಕೊಂಡು ಸುಮಾರು ೨,೭೦೦ ನಾವಿಕ ಮೈಲಿ ದಾಟಿ ಕೆರಿಬಿಯನ್ ದ್ವೀಪಗಳನ್ನು ಸೇರುವುದು. ಆ ಕೊನೆಯ ಹಂತದಲ್ಲಿ ಮೂರು ನಾಲ್ಕು ವಾರ ನೆಲವೇ ಕಾಣದು. ಇಷ್ಟಕ್ಕೂ ಮೂವರೇ ಜನ. ಅವರಲ್ಲಿ ಇಬ್ಬರು ಅರವತ್ತು ದಾಟಿದವರು.

ಧಾರವಾಡದಲ್ಲಿರುವ ಅವ್ವನಿಗೆ ಫೋನಿನಲ್ಲಿ ತಿಳಿಸಿದಾಗ ಆಕೆ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, 'ಹೆಣ್ಮಗಳನ್ನ ನೀರಾಗ ಕಳಿಸ್ತೀರೇನ? ನಿಮ್ಗ ಬುದ್ಧಿ ಎಲ್ಲಿ ಹೋತು?' ಎಂದು ಕೇಳಿದಳು. ಎಂಬತ್ತೆರಡರ ಆಕೆಗೆ ನಾವು ಏನು ಹೇಳಬಹುದಿತ್ತು? ಆಕೆಯ ಪ್ರಶ್ನೆ ನಮ್ಮದೂ ಆಗಿತ್ತು. ನೀರಿನ ಭಯ ಅಜ್ಞಾನದಿಂದ ಹುಟ್ಟಿದ್ದಲ್ಲ. ವೈದ್ಯರಾಗಿ ನಾವು ಆ ಕರಾವಳಿಯಲ್ಲಿ ಸಮುದ್ರದಿಂದ ಎತ್ತಿ ತಂದವರನ್ನು ಕಂಡವರು.

ಮಗಳು ವಾದ ಮಾಡಲಿಲ್ಲ. ನಮ್ಮ ಮುಂದೆ ಸಂಗತಿಗಳನ್ನು ಇಟ್ಟಳು. ಫಾಲ್ಮೌತ್‌ನಲ್ಲಿರುವವರಿಗೆ ಸುಹೈಲಿ ಎಂಬ ದೋಣಿಯ ಕಥೆ ಗೊತ್ತು. ರಾಬಿನ್ ನಾಕ್ಸ್-ಜಾನ್‌ಸ್ಟನ್ ಎಂಬ ನಾವಿಕರು ಅದರಲ್ಲಿ ೧೯೬೮ರ ಜೂನ್ ೧೪ರಂದು ಇಲ್ಲಿಂದಲೇ ಒಬ್ಬರೇ ಹೊರಟು, ಎಲ್ಲಿಯೂ ನಿಲ್ಲದೆ ಭೂಮಿಯನ್ನು ಸುತ್ತಿ, ೧೯೬೯ರ ಏಪ್ರಿಲ್ ೨೨ರಂದು ಇಲ್ಲಿಗೇ ಮರಳಿದರು. ಹಾಗೆ ಸುತ್ತಿದವರಲ್ಲಿ ಲೋಕದಲ್ಲಿ ಅವರೇ ಮೊದಲಿಗರು. ಆ ಪಂದ್ಯಕ್ಕೆ ಹೊರಟ ಒಂಬತ್ತು ಮಂದಿಯಲ್ಲಿ ಪೂರೈಸಿದವರೂ ಅವರೊಬ್ಬರೇ. ಅವರ ದೋಣಿ ಕೇವಲ ಮೂವತ್ತೆರಡು ಅಡಿಯದು, ಕಟ್ಟಿದ್ದು ನಮ್ಮ ಮುಂಬಯಿಯಲ್ಲಿ, ತೇಗದ ಮರದಿಂದ. ದಾರಿಯಲ್ಲಿ ಹಲಗೆಯ ಸಂದು ಬಿಟ್ಟು ನೀರು ಒಳನುಗ್ಗಿದಾಗ ಅವರು ನಡುಸಾಗರದಲ್ಲಿ ಮುಳುಗಿ, ಉಸಿರು ಕಟ್ಟಿ, ಸಂದಿಗೆ ಹತ್ತಿ ತುಂಬಿ ಬಂದರೆಂಬುದು ಪ್ರಸಿದ್ಧವಾದ ಸಂಗತಿ.

ಇದಕ್ಕೆ ಇನ್ನೊಂದು ಮುಖವೂ ಉಂಟು. ಮಗಳು ಅದನ್ನು ಮುಚ್ಚಿಡಲಿಲ್ಲ. ಆ ಪಂದ್ಯದ ಸುವರ್ಣ ಮಹೋತ್ಸವದ ನೆನಪಿಗೆ ೨೦೧೮ರಲ್ಲಿ ಮತ್ತೆ ಅಂಥದೇ ಪಂದ್ಯ ನಡೆದಾಗ, ಭಾರತೀಯ ನೌಕಾಪಡೆಯ ಅಭಿಲಾಷ್ ಟಾಮಿಯವರು ಸುಹೈಲಿಯ ಪ್ರತಿರೂಪವಾಗಿ ಗೋವೆಯಲ್ಲಿ ಕಟ್ಟಿದ ತುರೀಯ ಎಂಬ ದೋಣಿಯಲ್ಲಿ ಹೊರಟರು. ಸೆಪ್ಟೆಂಬರ್‌ನಲ್ಲಿ ದಕ್ಷಿಣ ಹಿಂದೂ ಮಹಾಸಾಗರದ ಬಿರುಗಾಳಿಗೆ ದೋಣಿಯ ಕೂವೆಕಂಬ ಮುರಿಯಿತು. ಅವರ ಬೆನ್ನೆಲುಬಿಗೆ ಏಟಾಯಿತು. ಅಲುಗಾಡಲಾಗದೆ ದಿನಗಟ್ಟಲೆ ಮಲಗಿದ್ದ ಅವರನ್ನು ಫ್ರೆಂಚ್ ಹಡಗೊಂದು ಬಂದು ರಕ್ಷಿಸಿತು. ಅದೇ ಅಭಿಲಾಷ್ ಟಾಮಿಯವರು ೨೦೨೨ರ ಪಂದ್ಯಕ್ಕೆ ಮರಳಿ ಹೊರಟು, ೨೦೨೩ರ ಏಪ್ರಿಲ್‌ನಲ್ಲಿ ಎರಡನೆಯವರಾಗಿ ಗುರಿ ಮುಟ್ಟಿದರು. ಆ ಪಂದ್ಯವನ್ನು ಗೆದ್ದವರು ದಕ್ಷಿಣ ಆಫ್ರಿಕದ ಒಬ್ಬ ಮಹಿಳೆ, ಕರ್ಸ್ಟನ್ ನಾಯ್‌ಶೇಫರ್. ಹೆಣ್ಣುಮಕ್ಕಳ ಮಾತು ಬಂದಾಗ ನಮ್ಮ ನೌಕಾಪಡೆಯ ಆರು ಜನ ಮಹಿಳಾ ಅಧಿಕಾರಿಗಳನ್ನು ನೆನೆಯಲೇಬೇಕು. ಅವರು ತಾರಿಣಿ ಎಂಬ ಹಾಯಿದೋಣಿಯಲ್ಲಿ ೨೦೧೭ರ ಸೆಪ್ಟೆಂಬರ್ ೧೦ರಂದು ಗೋವೆಯಿಂದ ಹೊರಟು ಭೂಮಿಯನ್ನು ಸುತ್ತಿ ೨೦೧೮ರ ಮೇ ೨೧ರಂದು ಮರಳಿದರು. ಅದೇ ದೋಣಿಯಲ್ಲಿ ೨೦೨೪ರ ಅಕ್ಟೋಬರ್‌ನಿಂದ ೨೦೨೫ರ ಮೇ ತಿಂಗಳವರೆಗೆ ದಿಲ್ನಾ ಮತ್ತು ರೂಪಾ ಎಂಬ ಇಬ್ಬರೇ ಅಧಿಕಾರಿಗಳು ಸುತ್ತಿ ಬಂದರು. ಇದನ್ನೆಲ್ಲ ಕೇಳಿದ ಅವ್ವ, 'ಅವ್ರು ದಂಡಿನ ಮಂದಿ. ನಮ್ದು ಸಾಲಿ ಕಲಿಸೋ ಕೂಸು' ಎಂದಳು. ಆ ಮಾತಿಗೆ ಉತ್ತರವಿರಲಿಲ್ಲ.

ಕೊನೆಗೆ ನಾವು ಅನುಮತಿಯ ಮಾತನ್ನು ಬಿಟ್ಟು ಸಿದ್ಧತೆಯ ಮಾತನ್ನು ಹಿಡಿದೆವು. ಇಪ್ಪತ್ತೇಳರ ಮಗಳಿಗೆ 'ಹೋಗು' ಎನ್ನುವ, 'ಬೇಡ' ಎನ್ನುವ ಅಧಿಕಾರ ತಂದೆತಾಯಿಗಳಿಗೆ ಎಷ್ಟು ಉಳಿದಿರುತ್ತದೆ? ಆದರೆ 'ಕಲಿತು ಹೋಗು' ಎನ್ನಬಹುದು. ಅವಳು ದಿಕ್ಕು, ನಕ್ಷೆ, ಹವಾಮಾನಗಳ ಶಿಕ್ಷಣ ಪಡೆದಳು. ದೋಣಿ ಮುಳುಗಿದರೆ ಗಾಳಿ ತುಂಬಿದ ತೆಪ್ಪವನ್ನು ಹತ್ತುವುದನ್ನು ತಣ್ಣೀರಿನಲ್ಲಿ ಅಭ್ಯಾಸ ಮಾಡಿದಳು. ಕಳೆದ ಬೇಸಿಗೆಯಲ್ಲಿ ಬೇರೊಂದು ದೋಣಿಯಲ್ಲಿ ನೂರು ನಾವಿಕ ಮೈಲಿ ದಾಟಿ ಫ್ರಾನ್ಸಿನ ಬ್ರಿಟನಿ ತೀರ ಮುಟ್ಟಿ ಬಂದಳು. ಗಾಯಕ್ಕೆ ಹೊಲಿಗೆ ಹಾಕುವುದನ್ನೂ ಮುರಿದ ಕೈಗೆ ಪಟ್ಟಿ ಕಟ್ಟುವುದನ್ನೂ ನಾವು ಮನೆಯಲ್ಲಿಯೇ ಕಲಿಸಿದೆವು. ದೋಣಿಗೆ ಸಂಕಟಸೂಚಕ ಯಂತ್ರವೊಂದನ್ನು ಕೂಡಿಸಲಾಯಿತು. ಅದು ನೀರಿಗೆ ಬಿದ್ದರೆ ಉಪಗ್ರಹದ ಮೂಲಕ ಇರುವ ಸ್ಥಳವನ್ನು ರಕ್ಷಣಾ ಕೇಂದ್ರಗಳಿಗೆ ತಿಳಿಸುತ್ತದೆ. ರಾತ್ರಿಯಲ್ಲಿ ಮೇಲೆ ಕುಳಿತವರು ಸೊಂಟದ ಪಟ್ಟಿಯನ್ನು ದೋಣಿಗೆ ಬಿಗಿದಿರಬೇಕು. ಇನ್ನೊಬ್ಬರನ್ನು ಎಬ್ಬಿಸದೆ ಕುಳಿತ ಜಾಗ ಬಿಟ್ಟು ಮುಂದಕ್ಕೆ ಹೋಗಬಾರದು. ಈ ಎರಡು ನಿಯಮಗಳನ್ನು ಮಾಸ್ತರರೇ ಬರೆದು ಒಳಗೋಡೆಗೆ ಅಂಟಿಸಿದ್ದಾರೆ.

ನೀರಿಗಿಳಿಸುವ ದಿನವನ್ನು ಗೊತ್ತುಮಾಡುವಾಗ ಅವ್ವ ಊರಿನಿಂದ ಮುಹೂರ್ತ ಕೇಳಿಸಿ ಕಳುಹಿಸುತ್ತೇನೆಂದಳು. ಅದರ ಅವಶ್ಯಕತೆ ಬೀಳಲಿಲ್ಲ. ಸಮುದ್ರಕ್ಕೇ ಒಂದು ಪಂಚಾಂಗವಿದೆ. ಹುಣ್ಣಿಮೆ ಅಮಾವಾಸ್ಯೆಗಳ ಒಂದೆರಡು ದಿನಗಳ ನಂತರ ಭರತ ಅತ್ಯಂತ ಎತ್ತರಕ್ಕೆ ಏರುತ್ತದೆ. ಫಾಲ್ಮೌತ್‌ನಲ್ಲಿ ಆ ದಿನಗಳಲ್ಲಿ ಭರತಕ್ಕೂ ಇಳಿತಕ್ಕೂ ನಡುವೆ ನಾಲ್ಕೂವರೆ ಮೀಟರಿಗೂ ಹೆಚ್ಚಿನ ಅಂತರವಿರುತ್ತದೆ. ಭಾರದ ದೋಣಿ ಇಳಿಜಾರಿನಿಂದ ತೇಲಬೇಕಾದರೆ ಅಂಥ ತುಂಬುನೀರೇ ಬೇಕು. ಮೇ ತಿಂಗಳ ಹುಣ್ಣಿಮೆ ಕಳೆದ ಎರಡನೆಯ ದಿನ, ಬೆಳಿಗ್ಗೆ ಏಳರ ಸುಮಾರಿನ ಭರತ ಗೊತ್ತಾಯಿತು. 'ಹಾಂಗಾರ ಚಂದ್ರಾಮನ ಮುಹೂರ್ತ ಇಟ್ಟಾನ, ಇರ್ಲಿ' ಎಂದು ಅವ್ವ ಒಪ್ಪಿದಳು.

ಕೂವೆಕಂಬವನ್ನು ನಿಲ್ಲಿಸುವಾಗ ಅದರ ಬುಡದಲ್ಲಿ ಒಂದು ನಾಣ್ಯವಿಡುವ ಪದ್ಧತಿ ಬಹಳ ಹಳೆಯದು. ೧೯೬೨ರಲ್ಲಿ ಲಂಡನ್ನಿನ ಥೇಮ್ಸ್ ನದಿಯ ಕೆಸರಿನಲ್ಲಿ ಸಿಕ್ಕ ರೋಮನ್ ಕಾಲದ ಹಡಗೊಂದರಲ್ಲಿ, ಕಂಬ ನೆಡುವ ಗೂಡಿನಲ್ಲಿ ಚಕ್ರವರ್ತಿ ಡೊಮಿಷಿಯನ್ ಕಾಲದ ನಾಣ್ಯವಿತ್ತು. ನಮ್ಮ ಪಾಲಿನ ನಾಣ್ಯವನ್ನು ಅವ್ವ ಊರಿನಿಂದ ಬಂದವರೊಬ್ಬರ ಕೈಯಲ್ಲಿ ಕಳುಹಿಸಿದ್ದಳು. ಬಿಚ್ಚಿ ನೋಡಿದರೆ ೧೯೪೩ರಿಂದ ೧೯೪೭ರವರೆಗೆ ಚಲಾವಣೆಗೆ ಟಂಕಿಸಿದ, ನಡುವೆ ರಂಧ್ರವಿರುವ ತೂತಿನ ದುಡ್ಡು! ಆಕೆಯ ತಂದೆಯ ಗಂಟಿನಲ್ಲಿ ಉಳಿದುಬಂದದ್ದಂತೆ. ದೋಣಿಗೆ ತೂತಿರುವ ನಾಣ್ಯವೇ ಎಂದು ನಾವು ಸಂಕೋಚಪಟ್ಟೆವು. ಮಾಸ್ತರರು ಅದನ್ನು ಬೆಳಕಿಗೆ ಹಿಡಿದು ನೋಡಿ, 'ಒಳ್ಳೆಯದಾಯಿತು. ದೋಣಿಯಲ್ಲಿ ಇರಬೇಕಾದ ತೂತು ಇದೊಂದೇ ಎಂದು ಅದಕ್ಕೆ ಹೇಳೋಣ' ಎಂದು ನಗುತ್ತ ಕಂಬದ ಬುಡದಲ್ಲಿಟ್ಟರು.

ಅಂದು ಬೆಳಗಿನ ಚಳಿಯಲ್ಲಿ ಇಪ್ಪತ್ತು ಮೂವತ್ತು ಜನ ಸ್ನೇಹಿತರು ನೆರೆದಿದ್ದರು. ನಾಲ್ಕು ವರ್ಷಗಳಲ್ಲಿ ಒಂದು ಮೊಳೆಯನ್ನಾದರೂ ಹೊಡೆದವರು, ಒಂದು ಕಿಟ್ಟಲಿ ಚಹವನ್ನಾದರೂ ತಂದವರು. ಸಿಸ್ಟರ್ ದೋಣಿಯ ಹಳೆಯ ಹೆಸರನ್ನೇ ಗಟ್ಟಿಯಾಗಿ ಹೇಳಿ ಅದರ ಮೂಗಿಗೆ ಸ್ವಲ್ಪ ದ್ರಾಕ್ಷಾರಸ ಚಿಮುಕಿಸಿದರು. ನಮ್ಮ ಮಗಳು ತೆಂಗಿನಕಾಯಿ ಒಡೆದಳು. ಕಾಯಿ ಸರಿಯಾಗಿ ಎರಡು ಹೋಳಾಯಿತು. ಅದನ್ನು ಫೋನಿನಲ್ಲಿ ನೋಡುತ್ತಿದ್ದ ಅವ್ವ ನಿಟ್ಟುಸಿರು ಬಿಟ್ಟದ್ದು ಇಲ್ಲಿಗೆ ಕೇಳಿಸಿತು. ಚಕ್ರದ ಗಾಡಿಯ ಮೇಲೆ ಕುಳಿತ ದೋಣಿ ಇಳಿಜಾರಿನಲ್ಲಿ ಅಂಗುಲ ಅಂಗುಲವಾಗಿ ಇಳಿದು, ನೀರು ಮುಟ್ಟಿ, ಒಂದು ಕ್ಷಣ ಮಿಸುಕಾಡಿ, ತೇಲಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ಮಾಸ್ತರರು ತಟ್ಟಲಿಲ್ಲ. ಅವರು ಆಗಲೇ ಒಳಗಿಳಿದು ನೆಲಹಲಗೆ ತೆಗೆದು ನೋಡುತ್ತಿದ್ದರು. ನೀರು ಬರುತ್ತಿತ್ತು.

ಬರಬೇಕಾದದ್ದೇ. ನಾಲ್ಕು ವರ್ಷ ಒಣಗಿದ ಮರ ಕುಗ್ಗಿರುತ್ತದೆ. ನಮ್ಮ ಹಳ್ಳಿಗಳಲ್ಲಿ ಬೇಸಿಗೆಯಲ್ಲಿ ಬಂಡಿಯ ಗಾಲಿ ಒಣಗಿ ಸಡಿಲಾದರೆ ಹಳ್ಳದ ನೀರಿನಲ್ಲಿ ನೆನೆಹಾಕುತ್ತಿದ್ದರಲ್ಲವೆ? ಅದೇ ತತ್ತ್ವ. ಹಲಗೆ ನೀರು ಕುಡಿದು ಉಬ್ಬಿ, ಸಂದಿಯ ಹತ್ತಿಯನ್ನು ಹಿಚುಕಿ, ತಾನೇ ತನ್ನನ್ನು ಮುಚ್ಚಿಕೊಳ್ಳಬೇಕು. ಅಲ್ಲಿಯವರೆಗೆ ಸೋರುತ್ತದೆ. ಆದರೆ ಅದು ಮರ ಉಬ್ಬದ ಸೋರಿಕೆಯೋ, ಕೆಲಸದ ದೋಷದ ಸೋರಿಕೆಯೋ ಎಂಬುದನ್ನು ಮೊದಲ ದಿನ ಹೇಳುವವರಿಲ್ಲ. ಕಾಯಬೇಕು, ಕೈಪಂಪಿನಿಂದ ನೀರು ಎತ್ತಿ ಹೊರಗೆ ಚೆಲ್ಲುತ್ತಿರಬೇಕು, ಎಣಿಸಬೇಕು.

ಮೊದಲ ಗಂಟೆಗಳಲ್ಲಿ ಪಂಪು ನಿಲ್ಲಿಸಲು ಸಾಧ್ಯವಾಗಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಗಂಟೆಗೆ ಮುನ್ನೂರು ಎಳೆತ ಬೇಕಾಗುತ್ತಿತ್ತು. ನೆರೆದ ಜನ ಮನೆಗಳಿಗೆ ಹೋದರು. ರಾತ್ರಿಗೆ ನಾವು ಐವರೇ ಉಳಿದು ಎರಡೆರಡು ಗಂಟೆಯ ಪಾಳಿ ಹಚ್ಚಿಕೊಂಡೆವು. ನಡುರಾತ್ರಿಯ ಪಾಳಿಯಲ್ಲಿ ಮಗಳು ಪಂಪು ಎಳೆಯುತ್ತಿದ್ದಳು. ನಾವಿಬ್ಬರೂ ನಿದ್ದೆ ಬಾರದೆ ಅವಳ ಬಳಿ ಕುಳಿತಿದ್ದೆವು. ಆಸ್ಪತ್ರೆಯಲ್ಲಿ ಜ್ವರದ ರೋಗಿಯ ಮಗ್ಗುಲಲ್ಲಿ ಕುಳಿತು ತಾಪ ಬರೆದಿಡುವ ರಾತ್ರಿಗಳು ನೆನಪಾದವು. ಅಲ್ಲಿಯೂ ಹೀಗೆಯೇ, ಮಾಡಬೇಕಾದುದನ್ನೆಲ್ಲ ಮಾಡಿದ ಮೇಲೆ ದೇಹ ತಾನಾಗಿ ತಿರುಗಿಕೊಳ್ಳಬೇಕು. ಮಗಳು ಎಣಿಕೆಯನ್ನು ಚೀಟಿಯಲ್ಲಿ ಬರೆದು, 'ನೂರಾ ಇಪ್ಪತ್ತಕ್ಕ ಬಂತು ನೋಡ್ರಿ' ಎಂದಳು.

'ಹೆದರಿಕಿ ಆಗೂದಿಲ್ಲೇನು ನಿನಗ?' ಎಂದು ಆಗ ಕೇಳಿದೆವು. ಎರಡು ವರ್ಷ ಕೇಳಬೇಕೆಂದಿದ್ದ ಮಾತು.

'ಆಗ್ತದ' ಎಂದಳು. 'ಹೆದರಿಕಿ ಇಲ್ಲದವರ ಜೋಡಿ ನಾ ಹೋಗೂದಿಲ್ಲ. ಮಾಸ್ತರಿಗೂ ಆಗ್ತದ. ಅದಕ್ಕs ಅವ್ರು ಚಪ್ಪಾಳಿ ಹೊಡೀಲಿಲ್ಲ.'

ಆ ಮಾತು ನಮ್ಮ ಅಂಜಿಕೆಯನ್ನು ಕಳೆಯಲಿಲ್ಲ. ಆದರೆ ನಮ್ಮ ಅಂಜಿಕೆ ಯಾವುದನ್ನು ನೋಡುತ್ತಿತ್ತೋ ಅದನ್ನು ಅವಳೂ ನೋಡುತ್ತಿದ್ದಾಳೆಂಬುದು ತಿಳಿಯಿತು. ಮಕ್ಕಳು ಅಪಾಯವನ್ನು ಕಾಣರೆಂಬುದೇ ತಂದೆತಾಯಿಗಳ ದೊಡ್ಡ ಕಳವಳ. ಕಂಡೂ ಸಿದ್ಧರಾಗಿ ಹೊರಡುವವರನ್ನು ಕುರಿತು ಕಳವಳ ಉಳಿದರೂ ಅದರ ಬಗೆ ಬೇರೆ.

ಮರುದಿನ ಮಧ್ಯಾಹ್ನಕ್ಕೆ ಎಣಿಕೆ ಅರವತ್ತಕ್ಕೆ ಇಳಿಯಿತು. ಮೂರನೆಯ ದಿನ ಇಪ್ಪತ್ತು. ವಾರ ಕಳೆದ ಮೇಲೆ ಇಡೀ ದಿನಕ್ಕೆ ಹತ್ತು ಎಳೆತ ಸಾಕಾಯಿತು. ಮಾಸ್ತರರು ಅಂದು ನೆಲಹಲಗೆ ಮುಚ್ಚಿ, ಯಾರಿಗೂ ಏನೂ ಹೇಳದೆ, ಸಿಸ್ಟರ್ ಅವರ ಹೆಗಲ ಮೇಲೆ ಕೈಯಿಟ್ಟು ಬಹಳ ಹೊತ್ತು ಕುಳಿತಿದ್ದರು.

ಆಮೇಲೆ ಹಾಯಿ ಕಟ್ಟಿದೆವು. ಬಂದರಿನೊಳಗೆ ಎರಡು ಬಾರಿ, ಹೊರಸಮುದ್ರದಲ್ಲಿ ಒಂದು ಬಾರಿ ಸಂಚರಿಸಿ ಪರೀಕ್ಷಿಸಿದ್ದಾಯಿತು. ಹಗ್ಗಗಳಲ್ಲಿ ಎರಡನ್ನು ಬದಲಿಸಬೇಕಾಯಿತು. ಚುಕ್ಕಾಣಿ ಹಗುರಾಗಿ ತಿರುಗುತ್ತದೆ. ಈ ನಡುವೆ ಕಾರವಾರದ ಸುದ್ದಿಯೊಂದನ್ನು ಮಾಸ್ತರರಿಗೆ ಹೇಳಿದೆವು. ಹಲಗೆಗಳನ್ನು ಮೊಳೆಯಿಲ್ಲದೆ, ತೆಂಗಿನ ನಾರಿನ ಹುರಿಯಿಂದಲೇ ಹೊಲಿದು ಕಟ್ಟಿದ ಕೌಂಡಿನ್ಯ ಎಂಬ ಹಾಯಿಹಡಗು ೨೦೨೫ರ ಮೇ ೨೧ರಂದು ಅಲ್ಲಿ ನೌಕಾಪಡೆಗೆ ಸೇರಿದುದನ್ನೂ, ಅದೇ ವರ್ಷದ ಡಿಸೆಂಬರ್ ಕೊನೆಗೆ ಪೋರಬಂದರದಿಂದ ಹೊರಟು ಮಸ್ಕತ್ತಿಗೆ ತಲುಪಿದುದನ್ನೂ ಕೇಳಿ ಅವರು ಚಿತ್ರ ತರಿಸಿಕೊಂಡು ನೋಡಿದರು. ಅಜಂತೆಯ ಗೋಡೆಯಲ್ಲಿ ಬರೆದ ಹಡಗನ್ನು ನೋಡಿ ಕಟ್ಟಿದ್ದೆಂದಾಗ, 'ಹಾಗಾದರೆ ನಾವು ಇನ್ನೂ ವಿದ್ಯಾರ್ಥಿಗಳು' ಎಂದರು.

ಅವ್ವನ ಫೋನು ಈಗ ದಿನವೂ ಬರುತ್ತದೆ. ಹೋಗಬೇಡವೆಂಬ ಮಾತನ್ನು ಆಕೆ ಹಿಂತೆಗೆದುಕೊಂಡಿಲ್ಲ. ಹೇಳುವುದನ್ನು ಮಾತ್ರ ನಿಲ್ಲಿಸಿದ್ದಾಳೆ. ಬದಲಾಗಿ ಪ್ರಶ್ನೆ ಕೇಳುತ್ತಾಳೆ. ರಾತ್ರಿ ಯಾರು ಎಚ್ಚರಿರುತ್ತಾರೆ? ಕುಡಿಯುವ ನೀರು ಎಷ್ಟು? ಒಲೆ ಅಲುಗಾಡಿದರೆ ಸಾರು ಚೆಲ್ಲುವುದಿಲ್ಲವೆ? ಒಲೆಯೂ ದೋಣಿಯೊಡನೆ ತೂಗುವಂತೆ ಕಟ್ಟಿರುತ್ತಾರೆಂದು ಕೇಳಿ ಆಕೆಗೆ ತೊಟ್ಟಿಲಿನ ನೆನಪಾಯಿತಂತೆ. ಊಟದ ವಿಷಯಕ್ಕೆ ಬಂದಾಗ ಆಕೆಯೇ ಮೇಲುಗೈ. ಹಳೆಯ ಕಾಲದ ನಾವಿಕರು ನೀರಿಲ್ಲದಂತೆ ಸುಟ್ಟ ಗಟ್ಟಿ ಬಿಸ್ಕತ್ತು ತಿಂದು ತಿಂಗಳುಗಟ್ಟಲೆ ಸಾಗುತ್ತಿದ್ದರೆಂದು ಹೇಳಿದೆವು. 'ಅದು ನಮ್ಮ ಕಟಕ ರೊಟ್ಟಿನs ಅಲ್ಲೇನು? ನಾಲ್ಕ ದಿನದ ಜಾತ್ರಿಗೂ ಕಟಗೊಂಡು ಹೋಗ್ತಿದ್ವಿ, ತಿಂಗಳ ಇಟ್ರೂ ಕೆಡೂದಿಲ್ಲ' ಎಂದಳು. ಈಗ ಧಾರವಾಡದಿಂದ ನೂರೈವತ್ತು ಜೋಳದ ಕಟಕ ರೊಟ್ಟಿಗಳು, ಶೇಂಗಾ ಚಟ್ನಿ, ಅಗಸೆ ಚಟ್ನಿ, ಗುರೆಳ್ಳು ಚಟ್ನಿಗಳು ಬಂದು ತಲುಪಿವೆ. ತೇವ ತಾಗದ ಡಬ್ಬಿಗಳಲ್ಲಿ ತುಂಬಿ, ಯಾವ ಡಬ್ಬಿಯನ್ನು ಯಾವ ವಾರ ತೆಗೆಯಬೇಕೆಂದು ಮಗಳು ಮೇಲೆ ಬರೆದಿದ್ದಾಳೆ. ಸಿಸ್ಟರ್ ಅವರಿಗೆ ಶೇಂಗಾ ಚಟ್ನಿಯ ಮೇಲೆ ಈಗಾಗಲೇ ಆಸೆ ಹುಟ್ಟಿರುವುದರಿಂದ ಆ ಡಬ್ಬಿ ಅಜೋರ್ಸ್ ಮುಟ್ಟುವ ಭರವಸೆಯಿಲ್ಲ.

ಅಜೋರ್ಸ್ ದ್ವೀಪಗಳಲ್ಲಿ ಹೋರ್ತಾ ಎಂಬ ಬಂದರಿದೆ. ಅಲ್ಲಿಗೆ ಬರುವ ಪ್ರತಿಯೊಂದು ಹಾಯಿದೋಣಿಯವರೂ ಧಕ್ಕೆಯ ಗೋಡೆಯ ಮೇಲೆ ತಮ್ಮ ದೋಣಿಯ ಹೆಸರನ್ನೂ ಒಂದು ಚಿತ್ರವನ್ನೂ ಬರೆದು ಮುಂದೆ ಹೊರಡುವುದು ರೂಢಿ. ಬರೆಯದೆ ಹೊರಟರೆ ಒಳ್ಳೆಯದಾಗುವುದಿಲ್ಲವೆಂದು ನಂಬಿಕೆ. ಮಗಳು ಬಣ್ಣದ ಡಬ್ಬಿಗಳನ್ನೂ ಕುಂಚಗಳನ್ನೂ ತೆಗೆದಿಟ್ಟುಕೊಂಡಿದ್ದಾಳೆ. ದೋಣಿಯ ಹೆಸರಿನ ಹಕ್ಕಿಯನ್ನು ಬರೆದು, ಅದರ ಕೆಳಗೆ ಕನ್ನಡದಲ್ಲಿ ಆಯಿಯ ಹೆಸರನ್ನು ಬರೆಯುತ್ತಾಳಂತೆ. ಅದರ ಚಿತ್ರ ಕೈಸೇರುವ ದಿನವೇ ತಾನು ಹೊಟ್ಟೆತುಂಬ ಉಣ್ಣುವುದೆಂದು ಅವ್ವ ಹೇಳಿದ್ದಾಳೆ. ಈ ಬರಹ ಓದುಗರ ಕೈ ಸೇರುವ ಹೊತ್ತಿಗೆ ದೋಣಿ ಹೊರಟಿರುತ್ತದೆ. ನಾವು ಎಂದಿನಂತೆ ಆಸ್ಪತ್ರೆಗೆ ಹೋಗಿ ಬರುತ್ತ, ಸಂಜೆ ಗೋಡೆಯ ನಕ್ಷೆಯಲ್ಲಿ ಒಂದೊಂದೇ ಗುಂಡುಸೂಜಿ ಚುಚ್ಚುತ್ತಿರುತ್ತೇವೆ.